ಒಂದೇ ದಿನದ ಪ್ರವಾಸಕ್ಕೆ ಹೋಗಿ, ರಾತ್ರಿ ಅಪಾಯಕ್ಕೆ ಸಿಕ್ಕಿಕೊಂಡ ಅನುಭವ ನಿಮಗಿದೆಯೇ?

ಇದೆ. ಗೋಕರ್ಣದಲ್ಲಿ, ಕೆಲವು ವರ್ಷಗಳ ಹಿಂದಿನ ಡಿಸೆಂಬರ್‌ನಲ್ಲಿ. ನಾನು ಮತ್ತು ನನ್ನ ಆಫೀಸಿನ ಗೆಳೆಯ, ಇಬ್ಬರೇ.

ಹುಬ್ಬಳ್ಳಿಯಿಂದ ಸುಮಾರು 160 ಕಿಲೋಮೀಟರ್. ಬೆಳಗಿನ ಐದಕ್ಕೆ ಕಾರು ತೆಗೆದೆವು. ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು, "ಅಮಾಸಿ ದಿನ ಎಲ್ಲಿಗೂ ಹೋಗಬ್ಯಾಡ್ರೋ" ಅಂದಳು. ನಕ್ಕು ಹೊರಟೆವು. ಯಲ್ಲಾಪುರದಲ್ಲಿ ಇಡ್ಲಿ, ಅರಬೈಲ್ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಾಟ, ಅಂಕೋಲಾ, ಗೋಕರ್ಣ. ಮಹಾಬಲೇಶ್ವರನ ದರ್ಶನ, ಊಟ ಎಲ್ಲ ಮುಗಿದಾಗ ಮಧ್ಯಾಹ್ನ ಎರಡು.

ಕಾರನ್ನು ಓಂ ಬೀಚಿನ ಹತ್ತಿರ ನಿಲ್ಲಿಸಿ ಕಾಲ್ನಡಿಗೆಯಲ್ಲಿ ದಕ್ಷಿಣಕ್ಕೆ ಹೋದೆವು. ಅಲ್ಲಿಂದ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ಈ ಎರಡಕ್ಕೂ ಗಾಡಿ ಹೋಗುವ ರಸ್ತೆ ಇಲ್ಲ. ಗುಡ್ಡದ ಕಾಲುದಾರಿ, ಇಲ್ಲವಾದರೆ ದೋಣಿ. ದಾರಿಯಲ್ಲಿ ಒಂದು ಕಡೆ ಗುಡ್ಡ ಹತ್ತುವುದು ಬೇಡವೆಂದು, ನೀರಿನ ಪಕ್ಕದ ಬಂಡೆಗಳ ಮೇಲಿಂದಲೇ ದಾಟಿದೆವು. ಆಗ ಗಂಟೆ ನಾಲ್ಕೂಕಾಲು ಇರಬೇಕು. ಚಪ್ಪಲಿ ಸಹ ಒದ್ದೆಯಾಗಲಿಲ್ಲ. ಬಂಡೆಗಳು ಒಂದು ಎತ್ತರದವರೆಗೆ ಕಪ್ಪಗಿದ್ದವು, ಸಣ್ಣ ಸಣ್ಣ ಚಿಪ್ಪು ಅಂಟಿದ್ದವು. ಗೆಳೆಯ ಅದರ ಫೋಟೋ ಕೂಡ ತೆಗೆದ. ಅದು ಯಾಕೆ ಹಾಗಿದೆ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಪ್ಯಾರಡೈಸಿನಲ್ಲಿ ದೋಣಿಯವನು ಬಂದು, "ಕತ್ತಲಾದ ಮೇಲೆ ದೋಣಿ ಇಲ್ಲ, ಈಗ ಬರ್ತೀರಾ?" ಅಂತ ಕೇಳಿದ. ಅವನು ಹೇಳಿದ ರೇಟು ಜಾಸ್ತಿ ಅನಿಸಿತು. ನಡೆದೇ ಬಂದವರಿಗೆ ನಡೆದೇ ಹೋಗಲು ಏನು ಕಷ್ಟ, ಅಲ್ವಾ? ಸೂರ್ಯ ಮುಳುಗುವುದನ್ನು ನೋಡಿ, ಸುಮ್ನೆ ಹರಟುತ್ತಾ ಕೂತು, ಆರೂಮುಕ್ಕಾಲಿಗೆ ಎದ್ದೆವು.

ಅಮಾವಾಸ್ಯೆಯ ಕತ್ತಲು ಅಂದರೆ ಏನು ಅಂತ ಊರಿನ ಲೈಟಿನಲ್ಲಿ ಬೆಳೆದವರಿಗೆ ಗೊತ್ತಾಗುವುದಿಲ್ಲ. ನನ್ನ ಮೊಬೈಲ್ ಸತ್ತಿತ್ತು, ಅವನದರಲ್ಲಿ 14 ಪರ್ಸೆಂಟ್ ಇತ್ತು. ಸಿಗ್ನಲ್ ಇಲ್ಲ. ಬಂದಿದ್ದ ಬಂಡೆಗಳ ಹತ್ತಿರ ಹೋಗಿ ಟಾರ್ಚ್ ಬಿಟ್ಟರೆ ಬಂಡೆಗಳೇ ಇಲ್ಲ! ಇದ್ದವು, ಮೊದಲ ಒಂದೆರಡು ಮುಳುಗಿದ್ದವು ಅಷ್ಟೇ. ಅಲ್ಲಿಂದಲೇ ತಿರುಗಿ ಬೀಚಿಗೆ ಹೋಗಿದ್ದರೆ ಇವತ್ತು ಬರೆಯಲು ಏನೂ ಇರುತ್ತಿರಲಿಲ್ಲ. ನಾವು ಪ್ಯಾಂಟು ಮಡಚಿಕೊಂಡು ಮುಂದೆ ಹೋದೆವು.

ಮಧ್ಯದಲ್ಲಿ ಒಂದು ಅಲೆ ಸೊಂಟಕ್ಕೆ ಬಡಿಯಿತು. ನನ್ನ ಚಪ್ಪಲಿ ಹೋಯಿತು. ಗೆಳೆಯ ಜಾರಿ ಬಿದ್ದು, ಆ ಚಿಪ್ಪುಗಳಿಗೆ ಮೊಣಕಾಲು ಉಜ್ಜಿ, ಬ್ಲೇಡಿನಿಂದ ಗೀರಿದ ಹಾಗೆ ನಾಲ್ಕೈದು ಕಡೆ ಸೀಳಿತು. ಹೇಗೋ ಒಂದು ಚಾಚುಕಲ್ಲಿನ ಮೇಲೆ ಹತ್ತಿ ಕೂತೆವು. ಹಿಂದೆಯೂ ನೀರು, ಮುಂದೆಯೂ ನೀರು. ಮೇಲೆ ಹತ್ತೋಣವೆಂದರೆ ಕೆಂಪು ಜಂಬಿಟ್ಟಿಗೆ ಮಣ್ಣು, ಕೈ ಹಾಕಿದ ಕಡೆಯೆಲ್ಲ ಹರಳು ಉದುರುತ್ತಿತ್ತು. ಎರಡು ಸಲ ಪ್ರಯತ್ನಿಸಿ ಜಾರಿದ ಮೇಲೆ ಬಿಟ್ಟೆವು. ಕೂಗಿದರೆ ನಮ್ಮ ದನಿ ನಮಗೇ ಕೇಳಿಸುತ್ತಿರಲಿಲ್ಲ, ಅಲೆಗಳ ಸದ್ದು ಹಾಗಿತ್ತು.

ಎಂಟಕ್ಕೆ ನೀರು ಕೆಳಗೆ ಎಲ್ಲೋ ಇತ್ತು. ಒಂಬತ್ತಕ್ಕೆ ಪಾದ ನೆನೆಸತೊಡಗಿತು. ಗೆಳೆಯ ಅಷ್ಟು ಹೊತ್ತು ಬೈಯುತ್ತಿದ್ದವನು ಮಾತು ನಿಲ್ಲಿಸಿದ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಒಂಬತ್ತು ದಾಟಿದ ಮೇಲೆ ಮೇಲಿನಿಂದ ಬೆಳಕು ಬಿತ್ತು. "ಹೋಯ್! ಅಲ್ಲೇ ನಿಲ್ಲಿ, ನೀರಿಗೆ ಇಳಿಬೇಡಿ!" ಗಾಳ ಹಾಕಲು ಬಂದಿದ್ದ ಅಜ್ಜ, ಹಣೆಗೆ ಟಾರ್ಚ್ ಕಟ್ಟಿಕೊಂಡಿದ್ದರು. ನಮ್ಮ ಮೊಬೈಲಿನ ಮಿಣುಕು ಬೆಳಕು ಅವರಿಗೆ ಕಂಡಿತ್ತು. ನಾವು ಕೂತ ಜಾಗದಿಂದ ಹತ್ತು ಹೆಜ್ಜೆ ಪಕ್ಕದಲ್ಲೇ ಬಂಡೆಯ ನಡುವೆ ಒಂದು ಸಂದು. ಅದರಲ್ಲಿ ಇಳಿದು ಬಂದು, ನನ್ನ ಕೈಯನ್ನು ಎಲ್ಲಿ ಇಡಬೇಕೋ ಅಲ್ಲೇ ಒತ್ತಿ ಇಡಿಸಿ, ಒಬ್ಬೊಬ್ಬರನ್ನೇ ಎಳೆದುಕೊಂಡರು.

ಮೇಲೆ ಹೋದ ಮೇಲೆ ಟಾರ್ಚ್ ಕೆಳಗೆ ತಿರುಗಿಸಿ ತೋರಿಸಿದರು. "ಆ ಕಪ್ಪು ಗೆರೆ ಕಂಡ್ರಾ? ನೀರು ಅಲ್ಲಿವರೆಗೂ ಬರ್ತದೆ. ಇವತ್ತು ಅಮಾಸೆ ಭರತ. ಇನ್ನೂ ಎರಡು ತಾಸು ಏರ್ತದೆ." ಆ ಗೆರೆ ನಾವು ಕೂತಿದ್ದಾಗ ನಮ್ಮ ಸೊಂಟದ ಮಟ್ಟಕ್ಕೆ ಬರುತ್ತಿತ್ತು.

ಭರತ ಅಂದರೆ ನಾವು ಶಾಲೆಯಲ್ಲಿ ಓದಿದ ಉಬ್ಬರ. ಇಳಿತದಿಂದ ಉಬ್ಬರಕ್ಕೆ ಹೆಚ್ಚೂಕಡಿಮೆ ಆರು ಗಂಟೆ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ಎಳೆಯುವುದರಿಂದ ನೀರು ಜಾಸ್ತಿ ಇಳಿಯುತ್ತದೆ, ಜಾಸ್ತಿ ಏರುತ್ತದೆ. ಅಂದರೆ ಸಂಜೆ ನಮಗೆ ಅಷ್ಟು ಒಳ್ಳೆಯ ದಾರಿ ಸಿಕ್ಕಿದ್ದೇ ಅಮಾವಾಸ್ಯೆಯ ದೆಸೆಯಿಂದ. ಅವ್ವನ ಲೆಕ್ಕ ಬೇರೆ ಇತ್ತು, ಆದರೆ ಉತ್ತರ ಸರಿಯಾಗಿತ್ತು!

ಅಜ್ಜ ನಮ್ಮನ್ನು ಬೇಲೆಕಾನ್ ಅನ್ನುವ ಊರಿನ ಕಡೆಯ ಕಾಲುದಾರಿಯಲ್ಲಿ ತಮ್ಮ ಮನೆಗೆ ಕರೆದುಕೊಂಡು ಹೋದರು. ಪ್ಯಾರಡೈಸಿನಿಂದ ಆ ಕಡೆಗೂ ಹೊರಬರಬಹುದು ಅಂತ ನಮಗೆ ಗೊತ್ತೇ ಇರಲಿಲ್ಲ. ನೀವು ಹೋಗುವುದಾದರೆ ಇದನ್ನು ಹಗಲಲ್ಲೇ ಕೇಳಿ ಇಟ್ಟುಕೊಳ್ಳಿ. ಆ ಮನೆಯ ಅಮ್ಮ ಬೆಲ್ಲದ ಚಹಾ ಕೊಟ್ಟು, ಗೆಳೆಯನ ಗಾಯಕ್ಕೆ ಅರಿಶಿನ ಒತ್ತಿದರು. ಅವನು ಅಲೆಗೆ ಕೂಗಿದ್ದಕ್ಕಿಂತ ಜೋರಾಗಿ ಆಗ ಕೂಗಿದ. ದುಡ್ಡು ಕೊಡಲು ಹೋದರೆ ಅಜ್ಜ, "ಅದು ಬೇಡ, ನನ್ನ ಮೀನು ಹೋಯ್ತಲ್ಲ ಇವತ್ತು" ಅಂತ ನಕ್ಕರು. ಅವರ ಮಗ ಬೈಕಿನಲ್ಲಿ ನಮ್ಮನ್ನು ಕಾರಿನವರೆಗೆ ಬಿಟ್ಟ.

ಗೆಳೆಯನ ಮೊಣಕಾಲಿನ ಗೆರೆಗಳು ಇನ್ನೂ ಇವೆ. ಯಾರಾದರೂ ಕೇಳಿದರೆ ಕ್ರಿಕೆಟ್ ಆಡುವಾಗ ಬಿದ್ದೆ ಅನ್ನುತ್ತಾನೆ. ದೋಣಿಯವನ ಜೊತೆ ಚೌಕಾಸಿ ಮಾಡಿದ್ದು ಅವನೇ.