‘ರಕ್ತಶುದ್ಧಿ’ ಎಂಬ ಮಾತು ತೆಗೆಯಿರಿ

ಆತ್ಮೀಯರೇ,

ಯುರೋಪಿನ ರೋಮಾ (‘ಜಿಪ್ಸಿ’ ಎಂದು ಕರೆಯಲಾಗುತ್ತಿದ್ದ) ಜನರ ಮದುವೆ ಪದ್ಧತಿ ಮತ್ತು ವಂಶವಾಹಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಶ್ರಮಪಟ್ಟಿದ್ದೀರಿ, ಭಾಷೆಯೂ ಸರಾಗವಾಗಿದೆ. ಆದರೆ ಎರಡನೇ ಪುಟದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು: ‘ಭಾರತ ಬಿಟ್ಟುಹೋದ ಈ ಜನ ಸಾವಿರಾರು ವರ್ಷ ರಕ್ತಶುದ್ಧಿ ಕಾಪಾಡಿಕೊಂಡು ಬಂದರು.’

ಸಾವಿರಾರು ಅಲ್ಲ, ಸುಮಾರು 1,500 ವರ್ಷ. ಅದು ಸಣ್ಣ ತಪ್ಪು, ‘ರಕ್ತಶುದ್ಧಿ’ ಸಣ್ಣದಲ್ಲ. ವಾಯವ್ಯ ಭಾರತದಿಂದ ಹೊರಟವರು ದಾರಿಯುದ್ದಕ್ಕೂ, ಆಗ್ನೇಯ ಯುರೋಪಿನ ಬಾಲ್ಕನ್ ಸೀಮೆಯಲ್ಲಂತೂ ಸಾಕಷ್ಟು, ಬೇರೆಯವರೊಡನೆ ಬೆರೆತರು. ಇವತ್ತು ಅವರ ವಂಶವಾಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಯುರೋಪು, ಪಶ್ಚಿಮ ಏಷ್ಯಾದ್ದು. ಇನ್ನು ಆ ಮಾತಿನ ಚರಿತ್ರೆ. 1936ರಿಂದ, ನಾಜಿ ಆಳ್ವಿಕೆಯಲ್ಲಿ, ಬರ್ಲಿನ್ನಿನ ರಾಬರ್ಟ್ ರಿಟ್ಟರ್ ಎಂಬಾತನ ತಂಡ ಇವರ ವಂಶವೃಕ್ಷಗಳನ್ನು ಬರೆದುಕೊಂಡು, ಯಾರು ‘ಶುದ್ಧ’, ಯಾರು ‘ಬೆರಕೆ’ ಎಂದು ವಿಂಗಡಿಸಿತು. 1942ರ ಡಿಸೆಂಬರಿನಲ್ಲಿ ನಾಜಿ ಪೊಲೀಸ್ ಮುಖ್ಯಸ್ಥ ಹಿಮ್ಲರ್ ಹುಕುಂ ಹೊರಡಿಸಿದ. ಹಾಗೆ ವಿಂಗಡಿಸಲ್ಪಟ್ಟವರಲ್ಲಿ ಸಾವಿರಾರು ಜನರನ್ನು ಸಾವಿನ ಶಿಬಿರವಾದ ಆಶ್‌ವಿಟ್ಜ್‌ಗೆ ಸಾಗಿಸಿದರು. ಹೊಗಳುವುದಕ್ಕೂ ಆ ಮಾತು ಇವರ ಮೇಲೆ ಬೇಡ.

ಮುಂದಿನ ಸಾಲು: ‘ಸೋದರಸಂಬಂಧದಲ್ಲೇ ಮದುವೆಯಾಗುವುದರಿಂದ ಇವರಲ್ಲಿ ಕಾಯಿಲೆ ಹೆಚ್ಚು.’ ಗುಂಪಿನೊಳಗೆ ಮದುವೆಯಾಗುವುದು ಬೇರೆ, ಹತ್ತಿರದ ನೆಂಟರಲ್ಲಿ ಮದುವೆಯಾಗುವುದು ಬೇರೆ. ಎರಡನೆಯದು ಎಲ್ಲ ರೋಮಾ ಗುಂಪುಗಳಲ್ಲೂ ಒಂದೇ ಸಮ ಇಲ್ಲ. ಬಲ್ಗೇರಿಯಾದ ಡ್ಯಾನ್ಯೂಬ್ ದಂಡೆಯ ಲೋಮ್ ಪಟ್ಟಣದ ಹೆಸರು ಹೊತ್ತ ಒಂದು ನರರೋಗವಿದೆ. ಎಳವೆಯಲ್ಲೇ ಮಗುವಿನ ನಡಿಗೆ ತಪ್ಪುತ್ತದೆ, ಆಮೇಲೆ ಕೈ ಸೋಲುತ್ತದೆ, ಹರೆಯ ದಾಟುವಾಗ ಕಿವಿ. ಇದಕ್ಕೆ ಕಾರಣವಾದ ಅದೇ ಒಂದು ವಂಶವಾಹಿ ದೋಷ ಇಟಲಿ, ಸ್ಪೇನಿನ ರೋಮಾಗಳಲ್ಲೂ ಸಿಕ್ಕಿದೆ. ಮಗುವಿನ ತಂದೆತಾಯಿ ಪರಸ್ಪರ ನೆಂಟರೇ ಆಗಿರಬೇಕಿಲ್ಲ. ಮೂಲದಲ್ಲಿದ್ದವರೇ ಕೆಲವರು. ಅವರೂ ಕಾಲ್ಡೆರಾಶ್, ಲೊವಾರಿ, ಸಿಂತಿ ಎಂದು ಒಡೆದು, ಕೊಟ್ಟು ತರುವುದನ್ನು ಬಹುಮಟ್ಟಿಗೆ ತಮ್ಮತಮ್ಮೊಳಗೇ ಇಟ್ಟುಕೊಂಡಾಗ ಹಳೆಯ ದೋಷ ತಂದೆ, ತಾಯಿ ಇಬ್ಬರಿಂದಲೂ ಮಗುವಿಗೆ ಬಂದು ಮತ್ತೆ ಮತ್ತೆ ಎದುರುಬದುರಾಗುತ್ತದೆ.

ನಾನು ಕೆಲಸ ಕಲಿಯುತ್ತಿದ್ದಾಗ, ಅಕ್ಕನ ಮಗಳನ್ನು ತರುವ ನಮ್ಮ ಕಡೆಯ ಪದ್ಧತಿ ಬಗ್ಗೆ ಬರೆದು, ಅದನ್ನು ‘ಅಜ್ಞಾನ’ ಎಂದು ಕರೆದಿದ್ದೆ. ಹಿರಿಯ ಉಪಸಂಪಾದಕರು ಹಾಳೆ ಮಗುಚಿ, ‘ನಿಮ್ಮನೆ ವಂಶವೃಕ್ಷ ಬರಿ’ ಅಂದರು. ನಮ್ಮಮ್ಮನ ಮದುವೆ ಸೋದರಮಾವನ ಜೊತೆಗೇ ಆಗಿದ್ದು. ಒಬ್ಬಳೇ ಮುದುಕಿಯನ್ನು ಅಪ್ಪನ ತಾಯಿ ಎಂದು ಒಂದು ಕಡೆ, ಅಮ್ಮನ ಅಜ್ಜಿ ಎಂದು ಇನ್ನೊಂದು ಕಡೆ ಬರೆಯಬೇಕಾಯಿತು. ಪೆನ್ಸಿಲ್ ಅಲ್ಲೇ ನಿಂತಿತು. ಎರಡು ಎಕರೆ ಗದ್ದೆ ಒಡೆಯದಿರಲಿ, ಮೊಮ್ಮಗಳು ಪರರ ಮನೆಯಲ್ಲಿ ನೋಯದಿರಲಿ ಎಂದು ಆಕೆ ಆ ಮದುವೆ ಮಾಡಿಸಿದ್ದಳು. ಅದೊಂದೂ ನನ್ನ ಬರಹದಲ್ಲಿ ಇರಲಿಲ್ಲ.

ನಿಮ್ಮದರಲ್ಲೂ ಇಲ್ಲ. ಇಂದಿನ ರೊಮೇನಿಯಾ ಕಡೆಯ ವಲ್ಲಾಕಿಯಾ, ಮೊಲ್ಡಾವಿಯಾ ಸಂಸ್ಥಾನಗಳಲ್ಲಿ ರೋಮಾಗಳು 1850ರ ದಶಕದವರೆಗೂ ಗುಲಾಮರು. ಗುಲಾಮರಲ್ಲದವರೊಡನೆ ಮದುವೆಗೆ ಕಾನೂನೇ ಅಡ್ಡ ನಿಂತಿತ್ತು. ಬೇಲಿಯನ್ನು ಅವರೊಬ್ಬರೇ ಕಟ್ಟಿಕೊಳ್ಳಲಿಲ್ಲ. ಇದನ್ನು ಸೇರಿಸಿ ಎರಡನೇ ಪುಟವನ್ನು ಮೊದಲಿನಿಂದ ಬರೆದು ಕಳಿಸಿ, ಖಂಡಿತ ಪ್ರಕಟಿಸುತ್ತೇನೆ.