ಬಿಚ್ಚಿದ್ದು ನೀವು, ಕೈಕೊಟ್ಟಿದ್ದು ಕಂಪ್ಯೂಟರ್

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಸೆಂಟರ್ ಇದೆ. ಆಯುಧ ಪೂಜೆಗೆ ಎಂದು ಸಿಪಿಯು ಬಿಚ್ಚಿ ಧೂಳು ತೆಗೆದೆ. ಹೇಗೂ ಬಿಚ್ಚಿದ್ದೇನಲ್ಲ ಎಂದು, ತಂದಿಟ್ಟಿದ್ದ 8 ಜಿಬಿ ರ‍್ಯಾಮ್ ಕೂಡ ಹಾಕಿದೆ. ಅರಿಶಿನ ಕುಂಕುಮ ಇಟ್ಟು ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ರಿಪೇರಿಯವರು ಫೋನಿನಲ್ಲೇ ‘ಮದರ್‌ಬೋರ್ಡ್ ಹೋಗಿದೆ’ ಎಂದರು. ಹೌದಾ?

ಉತ್ತರ: ಫೋನಿನಲ್ಲೇ ಹಾಗೆ ಹೇಳಲು ಅವರಿಗೆ ದಿವ್ಯದೃಷ್ಟಿ ಇರಬೇಕು. ಹಿಂದಿನ ಸಂಜೆವರೆಗೂ ಲಗ್ನಪತ್ರಿಕೆ ಹೊಡೆಯುತ್ತಿದ್ದ ಯಂತ್ರ, ನೀವು ಬಿಚ್ಚಿ ಮುಚ್ಚಿದ ಮೇಲೆ ಸುಮ್ಮನಾಗಿದೆ ಎಂದರೆ, ಹೆಚ್ಚಿನ ಸಲ ತೊಂದರೆ ನಿಮ್ಮ ಕೈ ತಾಗಿದ ಜಾಗದಲ್ಲೇ ಇರುತ್ತದೆ. ಹಾಗಾಗಿ ಹೊಸ ಬೋರ್ಡಿಗೆ ದುಡ್ಡು ಕೊಡುವ ಮುಂಚೆ ಒಂದು ಚೀಟಿಯಲ್ಲಿ ಏನೇನು ಮುಟ್ಟಿದಿರಿ ಎಂದು ಬರೆದುಕೊಳ್ಳಿ. ನನ್ನ ಮೊದಲ ಅನುಮಾನ ರ‍್ಯಾಮ್ ಮೇಲೆ. ಹೊಸದರ ಮೇಲಷ್ಟೇ ಅಲ್ಲ, ಹಳೆಯದರ ಮೇಲೂ. ಧೂಳು ಹೊಡೆಯುವಾಗ ಅದನ್ನೂ ತೆಗೆದು ಮತ್ತೆ ಹಾಕಿರುತ್ತೀರಿ, ಅಲ್ವಾ?

ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಖಾಲಿಯಾಗುತ್ತದೆ. ಆಮೇಲೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ತಗಡನ್ನು ಮುಟ್ಟಿ. ಪಾಲಿಯೆಸ್ಟರ್ ಶರ್ಟ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಅಷ್ಟೇ ಸಾಕು ಚಿಪ್ ಹಾಳಾಗಲು. ಈಗ ಎರಡೂ ರ‍್ಯಾಮ್ ತೆಗೆದು, ಹಳೆಯದನ್ನು ಮಾತ್ರ ಅದು ಮೊದಲಿದ್ದ ಸ್ಲಾಟಿಗೇ ಹಾಕಿ. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ‘ಟಕ್’ ಎನ್ನುವವರೆಗೆ. ಬೋರ್ಡ್ ಸ್ವಲ್ಪ ಬಾಗಿದಂತೆ ಕಾಣುವುದರಿಂದ ಅನೇಕರು ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಈಚಿನ ಹಲವು ಬೋರ್ಡುಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ, ಆ ಕಡೆ ಬಿಗಿಯಾಗಿ ಕೂತು ಇನ್ನೊಂದು ಕಡೆ ಕೂದಲೆಳೆಯಷ್ಟು ಎದ್ದಿದ್ದರೂ ಡಿಸ್ಪ್ಲೇ ಬರುವುದಿಲ್ಲ. ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಚೆನ್ನಾಗಿ ಕೊಡವಿ. ಊರ ಮೆಕ್ಯಾನಿಕ್‌ಗಳ ಈ ಉಪಾಯವನ್ನು ನೋಡಿ ನಗುವವರಿದ್ದಾರೆ, ಆದರೆ ಕೆಲಸ ಮಾಡುತ್ತದೆ.

ಹಳೆಯದರಲ್ಲಿ ಡಿಸ್ಪ್ಲೇ ಬಂತಾ? ಹಾಗಾದರೆ ಬೋರ್ಡ್ ಚೆನ್ನಾಗಿದೆ. ಮುಂದೆ ಹೊಸದೊಂದನ್ನೇ ಹಾಕಿ ನೋಡಿ, ಕೊನೆಗೆ ಎರಡನ್ನೂ. ಡಿಡಿಆರ್ ಮುಂದಿನ ಅಂಕಿ ಎಂದರೆ ಮೆಮೊರಿಯ ತಲೆಮಾರು. ಡಿಡಿಆರ್ 3 ಸ್ಲಾಟಿಗೆ ಡಿಡಿಆರ್ 4 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಜೋರು ಮಾಡಿ ತುರುಕಿಲ್ಲ ತಾನೆ? ವೇಗ ಬೇರೆ ಬೇರೆ ಇದ್ದರೆ ಸಾಮಾನ್ಯವಾಗಿ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಆದರೆ ಕೆಲವು ಜೋಡಿ ಅತ್ತೆ ಸೊಸೆ ಇದ್ದಂತೆ, ಹೊಂದುವುದೇ ಇಲ್ಲ. ಇನ್ನೊಂದು ಮಾತು. ರ‍್ಯಾಮ್ ಬದಲಾಯಿಸಿದ ಮೇಲೆ ಮೊದಲ ಸಲ ಸ್ಕ್ರೀನ್ ಬರಲು ಹೊತ್ತು ಹಿಡಿಯಬಹುದು, ಡಿಡಿಆರ್ 5 ಆದರೆ ಇನ್ನೂ ಜಾಸ್ತಿ. ಐದು ಸೆಕೆಂಡಿಗೇ ಆಫ್ ಮಾಡಬೇಡಿ.

ಹಳೆಯದರಲ್ಲೂ ಬರದಿದ್ದರೆ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕನೆಕ್ಟರ್ ನೋಡಿ. ಪ್ರೊಸೆಸರ್‌ಗೆ 12 ವೋಲ್ಟ್ ಹೋಗುವುದು ಅಲ್ಲಿಂದ. ಧೂಳು ಒರೆಸುವಾಗ ಅದು ಸಡಿಲವಾದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಮುಂದೇನೂ ಆಗುವುದಿಲ್ಲ. ಥೇಟ್ ನಿಮ್ಮ ಕಂಪ್ಲೇಂಟ್. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹೋಗಬೇಕು, ಬೋರ್ಡಿನ ಕಿಂಡಿಗಲ್ಲ. ಇದನ್ನು ನೋಡದೆ ನಾನೇ ಒಂದು ಭಾನುವಾರ ಮಧ್ಯಾಹ್ನದವರೆಗೆ ಇಡೀ ಮಷೀನ್ ಬಿಚ್ಚಿ ಜೋಡಿಸಿದ್ದೇನೆ, ಮನೆಯವರ ಮುಂದೆ ಇನ್ನೂ ಒಪ್ಪಿಕೊಂಡಿಲ್ಲ.

ಇಷ್ಟಾದರೂ ಆಗಲಿಲ್ಲವೇ? ಬೋರ್ಡಿಗೆ ಹಾಕುವ ಪುಟ್ಟ ಬೀಪ್ ಸ್ಪೀಕರ್ ತನ್ನಿ, ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸಿಗುತ್ತದೆ. ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿ. ಬೀಪ್ ಬೀಪ್ ಎಂದು ಅತ್ತರೆ ಸಂತೋಷಪಡಿ, ರ‍್ಯಾಮ್ ಇಲ್ಲ ಎಂದು ದೂರುವಷ್ಟು ಜೀವ ಬೋರ್ಡಿಗೂ ಪ್ರೊಸೆಸರ್‌ಗೂ ಇದೆ ಎಂದರ್ಥ. ಸದ್ದೇ ಇಲ್ಲ ಎಂದಾಗ ಮಾತ್ರ ರಿಪೇರಿಯವರ ಮಾತಿಗೆ ಸ್ವಲ್ಪ ತೂಕ ಬರುತ್ತದೆ, ಆಗಲೂ ಬೇರೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ) ಹಾಕಿ ನೋಡಲು ಹೇಳಿ. ಅಂದಹಾಗೆ ಕುಂಕುಮವನ್ನು ಗಾಳಿ ಎಳೆಯುವ ಜಾಲರಿಯ ಮೇಲೆ ಇಟ್ಟಿಲ್ಲ ಎಂದುಕೊಳ್ಳುತ್ತೇನೆ.

ಪ್ರಶ್ನೆ: ಹಳೆಯ ಮದರ್‌ಬೋರ್ಡನ್ನು ನಾನೇ ಹೊಸ ಕ್ಯಾಬಿನೆಟ್‌ಗೆ ಹಾಕಿದೆ. ಬಟನ್ ಒತ್ತಿದರೆ ಏನೂ ಇಲ್ಲ, ಫ್ಯಾನ್ ಕೂಡ ಅಲುಗುವುದಿಲ್ಲ. (ಹುಬ್ಬಳ್ಳಿಯ ಓದುಗರು)

ಉತ್ತರ: ಎಸ್‌ಎಂಪಿಎಸ್ ಹಿಂದಿನ ಚಿಕ್ಕ ಸ್ವಿಚ್ ಆನ್ ಇದೆಯಾ? ನಗಬೇಡಿ, ನೋಡಿ. 24 ಪಿನ್ನಿನ ದೊಡ್ಡ ಕನೆಕ್ಟರ್ ಕೊಂಡಿ ಬೀಳುವವರೆಗೆ ಒತ್ತಿ. ಆಮೇಲೆ ಪವರ್ ಬಟನ್ನಿನ ಸಣ್ಣ ವೈರು. ಅದು ಒಂದು ಪಿನ್ ಆಚೀಚೆ ಆದರೂ ಬಟನ್ ಸತ್ತಂತೆಯೇ. ಬಟನ್ ಮೇಲೆ ಅನುಮಾನ ಇದ್ದರೆ ಬೋರ್ಡಿನಲ್ಲಿ ಪವರ್ ಸ್ವಿಚ್ ಎಂದು ಗುರುತಿರುವ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ. ಅಲ್ಲಿ 5 ವೋಲ್ಟಿಗಿಂತ ಜಾಸ್ತಿ ಇಲ್ಲ, ಶಾಕ್ ಹೊಡೆಯುವುದಿಲ್ಲ. ಪಕ್ಕದ ಪಿನ್ನಿಗೆ ಮಾತ್ರ ತಾಗಿಸಬೇಡಿ. ಮಷೀನ್ ಎದ್ದರೆ ತಪ್ಪು ಬಟನ್ನಿನದು ಅಥವಾ ಅದರ ವೈರಿನದು.

ಏಳದಿದ್ದರೆ, ಅಥವಾ ಫ್ಯಾನ್ ಒಮ್ಮೆ ಜರ್ಕ್ ಹೊಡೆದು ನಿಂತರೆ, ಬೋರ್ಡಿನ ಅಡಿಯಲ್ಲಿ ಶಾರ್ಟ್ ಆಗಿರಬಹುದು. ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಹಿತ್ತಾಳೆ ಬಣ್ಣದ ಸ್ಟ್ಯಾಂಡ್‌ಆಫ್‌ಗಳು ಬೋರ್ಡಿನ ತೂತುಗಳ ಕೆಳಗಷ್ಟೇ ಇರಬೇಕು. ಒಂದು ಹೆಚ್ಚಾಗಿ ಉಳಿದು ಬೋರ್ಡಿನ ಬೆನ್ನಿಗೆ ತಾಗಿದರೆ ಎಸ್‌ಎಂಪಿಎಸ್ ತಾನೇ ಬಂದ್ ಆಗುತ್ತದೆ. ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಮೇಲಿಟ್ಟು ಆನ್ ಮಾಡಿದರೆ ಗೊತ್ತಾಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೋರು ಶಾಕ್ ಕೊಡುವಷ್ಟು ಚಾರ್ಜ್ ಇರುತ್ತದೆ.

ಪ್ರಶ್ನೆ: ಬೋರ್ಡಿನ ಸೆಲ್ ಬದಲಾಯಿಸಿದೆ. ಈಗ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದು ಬರುತ್ತದೆ. ವಿಂಡೋಸ್ ಮತ್ತೆ ಹಾಕಬೇಕಾ? (ಶಿರಸಿಯ ಓದುಗರು)

ಉತ್ತರ: ಬೇಡ, ಬೇಡ. ಫೈಲುಗಳು ಡಿಸ್ಕಿನಲ್ಲಿ ಹಾಗೇ ಇವೆ. ಸೆಲ್ ತೆಗೆದಾಗ, ಕಂಪ್ಯೂಟರನ್ನು ಎಬ್ಬಿಸುವ ಬೋರ್ಡಿನ ಪ್ರೋಗ್ರಾಮ್ ಬಯಾಸ್ ತನ್ನ ಸೆಟ್ಟಿಂಗ್ ಮರೆತಿದೆ. ಬಯಾಸ್ ಒಳಗೆ ಹೋಗಿ ಹಾರ್ಡ್ ಡಿಸ್ಕ್ ಹೆಸರು ಕಾಣುತ್ತದಾ ನೋಡಿ. ಕಾಣದಿದ್ದರೆ ಸೆಲ್ ತೆಗೆಯುವಾಗ ಕೈ ತಾಗಿ, ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಸಡಿಲವಾಗಿರಬಹುದು. ಕಂಡರೆ, ಯಾವ ಡಿಸ್ಕಿನಿಂದ ಶುರುವಾಗಬೇಕು ಎಂದು ಹೇಳುವ ಬೂಟ್ ಆರ್ಡರ್‌ನಲ್ಲಿ ಅದನ್ನು ಮೊದಲಿಗೆ ತನ್ನಿ, ಆಗಲೂ ಆಗದಿದ್ದರೆ ಬೂಟ್ ಮೋಡ್ (ಶುರುವಾಗುವ ವಿಧಾನ) ಯುಇಎಫ್‌ಐ ಇದ್ದರೆ ಲೆಗಸಿ, ಲೆಗಸಿ ಇದ್ದರೆ ಯುಇಎಫ್‌ಐ ಮಾಡಿ ನೋಡಿ. ತಾರೀಖನ್ನೂ ಅಲ್ಲೇ ಸರಿ ಮಾಡಿಬಿಡಿ. ಇಲ್ಲದಿದ್ದರೆ ಬ್ಯಾಂಕಿನ ಸೈಟು ತೆರೆಯುವುದಿಲ್ಲ, ಆಗ ಇಂಟರ್ನೆಟ್ ಕೆಟ್ಟಿದೆ ಎಂದು ನನಗೆ ಇನ್ನೊಂದು ಪತ್ರ ಬರೆಯುತ್ತೀರಿ.