ಆಫ್ರಿಕನ್ ಬಡಾವಣೆಯ ಬೀದಿ ಹೆಸರುಗಳು: ನಿಮ್ಮ ಲೇಖನಕ್ಕೆ ನನ್ನ ಉತ್ತರ

ನಮಸ್ಕಾರ.

ಬರ್ಲಿನ್ನಿನ ವೆಡ್ಡಿಂಗ್ ಭಾಗದಲ್ಲಿರುವ ಆಫ್ರಿಕನ್ ಬಡಾವಣೆಯ ಬೀದಿ ಹೆಸರುಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬೇಡ ಎಂದು ಪಕ್ಕಕ್ಕಿಡಲೂ ಮನಸ್ಸು ಬರುತ್ತಿಲ್ಲ. ನಿಮ್ಮ ಹತ್ತಿರ ಒಳ್ಳೆಯ ವಿಷಯ ಇದೆ, ಆದರೆ ನೀವು ಅದರ ಪಕ್ಕದಲ್ಲೇ ಹಾದುಹೋಗಿಬಿಟ್ಟಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಲೇಖನದ ಮುಕ್ಕಾಲು ಭಾಗ ಪಟ್ಟಿ. ಟೋಗೊ ಬೀದಿ, ಕ್ಯಾಮರೂನ್ ಬೀದಿ, ಕಾಂಗೋ ಬೀದಿ, ಜಾಂಜಿಬಾರ್ ಬೀದಿ, ವಿಂಡ್‌ಹುಕ್ ಬೀದಿ, ಘಾನಾ ಬೀದಿ, ಹೀಗೆ ಅಕಾರಾದಿಯಾಗಿ ಜೋಡಿಸಿ, ಒಂದೊಂದರ ಕೆಳಗೂ ಮೂರು ಸಾಲು ಬರೆದಿದ್ದೀರಿ. ಆ ದೇಶ ಎಲ್ಲಿದೆ, ರಾಜಧಾನಿ ಯಾವುದು, ಯಾರು ಆಳಿದರು. ಇದನ್ನು ಓದುಗರು ಫೋನಿನಲ್ಲೇ ನೋಡಿಕೊಳ್ಳುತ್ತಾರೆ, ಅಲ್ವಾ? ಅವರಿಗೆ ನಿಮ್ಮಿಂದ ಬೇಕಾಗಿರುವುದು ಬೇರೆ. ಟೋಗೊ ಎಲ್ಲಿದೆ ಎಂಬುದಕ್ಕಿಂತ, ಬರ್ಲಿನ್ನಿನ ಆ ಮೂಲೆಗೆ ಟೋಗೊ ಬಂದದ್ದು ಯಾವಾಗ, ಅದನ್ನು ತಂದವರು ಯಾರು, ಅವರಿಗೆ ಏನು ಬೇಕಿತ್ತು ಎಂಬುದು ಮುಖ್ಯ.

ನಿಮ್ಮ ಲೇಖನದಲ್ಲಿ ಇಸವಿಗಳು ಬೇಕಾದಷ್ಟಿವೆ. ಆದರೆ ಎಲ್ಲವೂ ಆ ಮನುಷ್ಯ ಹುಟ್ಟಿದ್ದು, ಸತ್ತದ್ದು, ಆ ದೇಶ ಸ್ವತಂತ್ರವಾದದ್ದು. ಹೆಸರನ್ನು ಕಂಬಕ್ಕೆ ಹಾಕಿದ ಇಸವಿ ಒಂದೇ ಒಂದು ಕಡೆಯೂ ಇಲ್ಲ. ಈ ಲೇಖನದ ಜೀವ ಇರುವುದೇ ಅದರಲ್ಲಿ. ಆ ಇಸವಿಗಳ ಪ್ರಕಾರ ಹೆಸರುಗಳನ್ನು ಒಮ್ಮೆ ಜೋಡಿಸಿ ನೋಡಿ. ಏನಾಗುತ್ತದೆ ಅಂತ ನಾನೇ ಸ್ವಲ್ಪ ಹೇಳುತ್ತೇನೆ.

ಟೋಗೊ ಮತ್ತು ಕ್ಯಾಮರೂನ್ ಹೆಸರು ಬಂದದ್ದು 1899ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲು, 1884ರಲ್ಲಿ, ಜರ್ಮನಿ ಆ ಎರಡೂ ನೆಲವನ್ನು ತನ್ನದೆಂದು ಸಾರಿತ್ತು. 1896ರಲ್ಲಿ ಬರ್ಲಿನ್ನಿನ ಟ್ರೆಪ್ಟೋ ಪಾರ್ಕಿನಲ್ಲಿ ವಸಾಹತು ಪ್ರದರ್ಶನ ನಡೆಯಿತು. ವಸಾಹತುಗಳಿಂದ ನೂರಕ್ಕೂ ಹೆಚ್ಚು ಜನರನ್ನು ಕರೆತಂದು, ಅವರ ಊರಿನ ಹಾಗೆ ಗುಡಿಸಲು ಕಟ್ಟಿ, ನೋಡಲು ಬಂದವರ ಮುಂದೆ ಬದುಕಿಸಿದರು. ಮೂರು ವರ್ಷ ಕಳೆದ ಮೇಲೆ ಅದೇ ನಗರ ಅದೇ ನೆಲದ ಹೆಸರನ್ನು ಬೀದಿಗೆ ಇಟ್ಟಿತು. ಪಕ್ಕದ ರೇಬೆರ್ಗೆ ಎಂಬ ಜಾಗದಲ್ಲಿ ಹ್ಯಾಂಬರ್ಗ್‌ನ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ ವಸಾಹತುಗಳ ಪ್ರಾಣಿಗಳನ್ನೂ ಮನುಷ್ಯರನ್ನೂ ಇಟ್ಟು ತೋರಿಸುವ ಪಾರ್ಕ್ ಮಾಡಬೇಕು ಅಂತಿದ್ದ. ಮೊದಲನೇ ಮಹಾಯುದ್ಧ ಬಂದು ಅದು ನಡೆಯಲಿಲ್ಲ. ಇದನ್ನು ನೀವು ಒಂದು ಸಾಲಿನಲ್ಲಿ, ಅದೂ ಕೊನೆಯಲ್ಲಿ, ‘ಇನ್ನೊಂದು ಸ್ವಾರಸ್ಯದ ಸಂಗತಿ’ ಎಂದು ಹೇಳಿ ಮುಗಿಸಿದ್ದೀರಿ. ಇದು ಸ್ವಾರಸ್ಯದ ಸಂಗತಿಯಲ್ಲ. ಇದು ಶುರುವಿನಲ್ಲೇ ಬರಬೇಕು.

1919ರಲ್ಲಿ ಜರ್ಮನಿಯ ವಸಾಹತುಗಳೆಲ್ಲ ಹೋದವು. ಆದರೆ ಆಮೇಲೂ, 1920 ಮತ್ತು 30ರ ದಶಕಗಳಲ್ಲಿ, ಅಲ್ಲಿನ ಬೀದಿಗಳಿಗೆ ಆಫ್ರಿಕಾದ ಹೆಸರು ಇಡುತ್ತಲೇ ಇದ್ದರು. ಕೈತಪ್ಪಿ ಹೋದ ಮೇಲೂ ಯಾಕೆ? ಈ ಪ್ರಶ್ನೆ ನಿಮಗೆ ಬರಲೇ ಇಲ್ಲ, ಏಕೆಂದರೆ ನಿಮ್ಮ ಪಟ್ಟಿ ಅಕಾರಾದಿಯಾಗಿದೆ. ಅದೇ ಕಾರಣಕ್ಕೆ ಘಾನಾ ಬೀದಿಯೂ ನಿಮ್ಮ ಕೈಜಾರಿದೆ. ಅದು 1958ರದ್ದು. ಘಾನಾ ಸ್ವತಂತ್ರವಾದದ್ದು 1957ರಲ್ಲಿ. ಅಂದರೆ ಸುತ್ತಲೂ ವಸಾಹತು ಕಾಲದ ಹೆಸರುಗಳಿರುವ ಬಡಾವಣೆಯಲ್ಲಿ ಒಂದು ಬೀದಿ ಬಿಡುಗಡೆಯಾದ ದೇಶಕ್ಕೆ ಗೌರವ ಕೊಡುತ್ತದೆ. ಪಕ್ಕಪಕ್ಕದ ಎರಡು ಫಲಕಗಳ ನಡುವೆ ಅರವತ್ತು ವರ್ಷದ ಇತಿಹಾಸ ಇದೆ. ನೀವು ಘಾನಾಕ್ಕೂ ಟೋಗೊಕ್ಕೂ ಒಂದೇ ಬಗೆಯ ಮೂರು ಸಾಲು ಕೊಟ್ಟಿದ್ದೀರಿ.

ಇನ್ನು ವ್ಯಕ್ತಿಗಳ ಹೆಸರು. ಮೂರೇ ಇದ್ದವು, ಮೂರೂ ಈಗ ಬದಲಾಗಿವೆ. ನನ್ನ ಪ್ರಕಾರ ನಿಮ್ಮ ಲೇಖನ ಈ ಮೂರರ ಮೇಲೆ ನಿಲ್ಲಬೇಕು. ಉಳಿದದ್ದು ಒಂದು ಪುಟ ಸಾಕು.

ನೀವು ‘ಮೂವರೂ ಕ್ರೂರಿಗಳು’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಇದರಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಮೂವರೂ ಬೇರೆ ಬೇರೆ ಥರದ ಜನ. ಗುಸ್ಟಾವ್ ನಾಖ್ಟಿಗಾಲ್ ವೈದ್ಯ, ಸಹಾರಾ ಮರುಭೂಮಿಯಲ್ಲಿ ವರ್ಷಗಟ್ಟಲೆ ತಿರುಗಿದವನು. ಆಡಾಲ್ಫ್ ಲ್ಯೂಡೆರಿಟ್ಸ್ ಬ್ರೆಮೆನ್ ಊರಿನ ತಂಬಾಕು ವ್ಯಾಪಾರಿ. ಕಾರ್ಲ್ ಪೀಟರ್ಸ್ ತನ್ನ ಕೈಯಾರೆ ಅಧಿಕಾರ ನಡೆಸಿದವನು, ಜನರನ್ನು ನೇಣಿಗೆ ಹಾಕಿಸಿದವನು. ಒಬ್ಬ ಬಾವುಟ ನೆಟ್ಟ, ಒಬ್ಬ ನೆಲ ಕೊಂಡ, ಒಬ್ಬ ಕೊಂದ. ಈ ವ್ಯತ್ಯಾಸ ತೋರಿಸಿದರೆ ವಸಾಹತು ಎನ್ನುವುದು ಎಷ್ಟು ಥರದ ಕೈಗಳಿಂದ ನಡೆಯಿತು ಎಂದು ಗೊತ್ತಾಗುತ್ತದೆ.

ಲ್ಯೂಡೆರಿಟ್ಸ್‌ನಿಂದ ಶುರುಮಾಡಿ. ಅಲ್ಲಿ ಕಥೆ ತಾನೇ ನಡೆಯುತ್ತದೆ. 1883ರಲ್ಲಿ ಅವನ ಕಡೆಯವರು ಈಗಿನ ನಮೀಬಿಯಾದ ತೀರದಲ್ಲಿ ಬೆಥಾನಿಯ ನಾಮಾ ಜನರ ನಾಯಕ ಯೋಸೆಫ್ ಫ್ರೆಡೆರಿಕ್ಸ್ ಹತ್ತಿರ ನೆಲ ಕೊಂಡರು. ಕರಾರಿನಲ್ಲಿ ಇದ್ದದ್ದು 20 ಮೈಲಿ ಅಗಲದ ಕರಾವಳಿ. ಫ್ರೆಡೆರಿಕ್ಸ್‌ಗೆ ಗೊತ್ತಿದ್ದದ್ದು ಇಂಗ್ಲಿಷ್ ಮೈಲಿ, ಸುಮಾರು 1.6 ಕಿಲೋಮೀಟರ್. ಆಮೇಲೆ ಜರ್ಮನರು ಲೆಕ್ಕ ಹಾಕಿದ್ದು ಜರ್ಮನ್ ಭೌಗೋಳಿಕ ಮೈಲಿಯಲ್ಲಿ, ಸುಮಾರು 7.4 ಕಿಲೋಮೀಟರ್. 32 ಕಿಲೋಮೀಟರ್ ಎಂದುಕೊಂಡು ಕೊಟ್ಟದ್ದು 148 ಕಿಲೋಮೀಟರ್ ಆಯಿತು. ನೀವು ಬರೆದದ್ದು: ‘ಮೋಸದ ಒಪ್ಪಂದದ ಮೂಲಕ ಭೂಮಿಯನ್ನು ಪಡೆಯಲಾಯಿತು.’ ಆ ಎರಡು ಅಂಕಿ ಕೊಟ್ಟಿದ್ದರೆ ‘ಮೋಸ’ ಎಂಬ ಮಾತೇ ಬೇಕಿರಲಿಲ್ಲ.

1902ರಲ್ಲಿ ಬರ್ಲಿನ್‌ನಲ್ಲಿ ಅವನ ಹೆಸರಿನ ಬೀದಿ ಆಯಿತು. ಎರಡು ವರ್ಷಕ್ಕೆ, 1904ರಲ್ಲಿ, ಆ ನೆಲದಲ್ಲಿ ಹೆರೇರೊ ಜನರ ಮೇಲೆ, ಆಮೇಲೆ ನಾಮಾ ಜನರ ಮೇಲೆ ಜರ್ಮನ್ ಸೈನ್ಯ ನಡೆಸಿದ ನರಮೇಧ ಶುರುವಾಯಿತು. 2021ರಲ್ಲಿ ಜರ್ಮನ್ ಸರ್ಕಾರವೇ ಅದನ್ನು ಹಾಗೆ ಕರೆದಿದೆ. ಸೆರೆಸಿಕ್ಕವರನ್ನು ಶಾರ್ಕ್ ದ್ವೀಪದ ಶಿಬಿರದಲ್ಲಿ ಇಟ್ಟರು. ಚಳಿಗಾಳಿ, ಹಸಿವು, ಬಂಡೆ ಒಡೆಯುವ ಕೆಲಸ. ಜನ ಸಾವಿರಗಟ್ಟಲೆ ಸತ್ತರು. ಅದೇ ಬೆಥಾನಿಯ ನಾಮಾ ನಾಯಕ ಕಾರ್ನೇಲಿಯಸ್ ಫ್ರೆಡೆರಿಕ್ಸ್ 1907ರ ಫೆಬ್ರವರಿಯಲ್ಲಿ ಸತ್ತದ್ದು ಅಲ್ಲೇ. ಆ ದ್ವೀಪ ಇರುವುದು ಎಲ್ಲಿ ಗೊತ್ತಾ? ಲ್ಯೂಡೆರಿಟ್ಸ್ ಹೆಸರಿನದೇ ಊರಿನ ಮುಂದೆ, ಅವನು ಕೊಂಡ ಅದೇ ಕೊಲ್ಲಿಯಲ್ಲಿ. 2022ರ ಡಿಸೆಂಬರ್ 2ರಂದು ಬರ್ಲಿನ್‌ನ ಲ್ಯೂಡೆರಿಟ್ಸ್ ಬೀದಿ ಕಾರ್ನೇಲಿಯಸ್ ಫ್ರೆಡೆರಿಕ್ಸ್ ಬೀದಿಯಾಯಿತು. ನೀವು ಹಳೆಯ ಹೆಸರನ್ನು ‘ಲ’ ಅಕ್ಷರದಲ್ಲೂ ಹೊಸ ಹೆಸರನ್ನು ‘ಕ’ ಅಕ್ಷರದಲ್ಲೂ ಹಾಕಿ, ಎರಡಕ್ಕೂ ಸಂಬಂಧವೇ ಇಲ್ಲದ ಹಾಗೆ ಮಾಡಿದ್ದೀರಿ. ಇದನ್ನು ಓದುವಾಗ ನನಗೆ ನಿಜವಾಗಿ ಸಂಕಟವಾಯಿತು.

ನಾಖ್ಟಿಗಾಲ್ ಚೌಕದ್ದೂ ಇದೇ ರೀತಿ. 1884ರ ಜುಲೈಯಲ್ಲಿ ಕ್ಯಾಮರೂನಿನ ಡುವಾಲಾದಲ್ಲಿ ರಾಜ ಬೆಲ್ ಒಪ್ಪಂದಕ್ಕೆ ಸಹಿ ಮಾಡಿದ, ನಾಖ್ಟಿಗಾಲ್ ಬಂದು ಬಾವುಟ ಏರಿಸಿದ. ಆ ರಾಜನ ಮೊಮ್ಮಗ ರುಡಾಲ್ಫ್ ಡುವಾಲಾ ಮಾಂಗಾ ಬೆಲ್. ಜರ್ಮನಿಯಲ್ಲೇ ಓದಿದವನು. ಜರ್ಮನ್ ಆಡಳಿತ ಡುವಾಲಾ ಜನರನ್ನು ನದಿ ದಡದ ಅವರ ಮನೆಗಳಿಂದ ಎಬ್ಬಿಸಲು ಹೊರಟಾಗ, ಅಜ್ಜನ ಒಪ್ಪಂದವನ್ನೇ ಮುಂದಿಟ್ಟು, ಬರ್ಲಿನ್‌ನ ಸಂಸತ್ತಿಗೆ ಅರ್ಜಿ ಹಾಕಿ ಹೋರಾಡಿದ. ಜರ್ಮನ್ ಕಾನೂನನ್ನು ನಂಬಿದ ಮನುಷ್ಯ ಅವನು. 1914ರ ಆಗಸ್ಟ್ 8ರಂದು ರಾಜದ್ರೋಹದ ಆರೋಪದಲ್ಲಿ ನೇಣು ಹಾಕಿದರು, ಅವನ ಕಾರ್ಯದರ್ಶಿ ಅಡಾಲ್ಫ್ ಎನ್ಗೊಸೊ ಡಿನ್‌ನನ್ನೂ. ಈಗ ಆ ಚೌಕ ಮಾಂಗಾ ಬೆಲ್ ಚೌಕ. ರುಡಾಲ್ಫ್ ಮತ್ತು ಅವನ ಹೆಂಡತಿ ಎಮಿಲಿ, ಇಬ್ಬರ ನೆನಪಿಗೂ.

ಪೀಟರ್ಸ್ ಹೆಸರಿನ ಸಾಲುಮರದ ರಸ್ತೆಗೆ ಬಂದರೆ, ನಾನು ಹೇಳುತ್ತಿರುವ ‘ಹೆಸರಿಟ್ಟ ಇಸವಿ’ ಯಾಕೆ ಬೇಕು ಎಂದು ಪೂರ್ತಿ ಗೊತ್ತಾಗುತ್ತದೆ. ಪೀಟರ್ಸ್ ಪೂರ್ವ ಆಫ್ರಿಕಾದಲ್ಲಿ ಮಾಡಿದ ಕೊಲೆಗಳಿಗಾಗಿ ಆಗಿನ ಜರ್ಮನಿಯೇ ಅವನನ್ನು 1897ರಲ್ಲಿ ಕೆಲಸದಿಂದ ತೆಗೆದುಹಾಕಿತ್ತು. ‘ನೇಣಿನ ಪೀಟರ್ಸ್’ ಎಂಬ ಅಡ್ಡಹೆಸರು ಅವನಿಗೆ ಬಿದ್ದದ್ದೂ ಜರ್ಮನಿಯಲ್ಲೇ. ಅಂಥವನ ಹೆಸರು ರಸ್ತೆಗೆ ಬಂದದ್ದು 1939ರಲ್ಲಿ. ನಾಜಿಗಳಿಗೆ ಅವನು ಬೇಕಾಗಿದ್ದ. ‘ಆ ಕಾಲದ ಜನಕ್ಕೆ ಇದು ತಪ್ಪು ಅನ್ನಿಸಿರಲಿಲ್ಲ’ ಎಂದು ನೀವು ಬರೆದ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ಅನ್ನಿಸಿತ್ತು. ಅನ್ನಿಸಿದ ಮೇಲೂ ಹೆಸರಿಟ್ಟರು.

1986ರಲ್ಲಿ ಇನ್ನೊಂದು ಉಪಾಯ ಮಾಡಿದರು. ಫಲಕ ಹಾಗೆಯೇ ಇತ್ತು, ಆದರೆ ಈ ಪೀಟರ್ಸ್ ಆ ಪೀಟರ್ಸ್ ಅಲ್ಲ, ನಾಜಿಗಳ ವಿರುದ್ಧ ನಿಂತ ಕಾನೂನು ಪಂಡಿತ ಹಾನ್ಸ್ ಪೀಟರ್ಸ್ ಎಂದು ಆಡಳಿತ ಘೋಷಿಸಿತು. ಹೆಸರೂ ಉಳಿಯಿತು, ಯಾರ ವಿಳಾಸವೂ ಬದಲಾಗಲಿಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ. ಒಳ್ಳೆಯ ಮನುಷ್ಯನ ಹೆಸರನ್ನು ಕೆಟ್ಟವನ ಹೆಸರು ಮುಚ್ಚಲು ಬಳಸಿದ ಹಾಗಾಯಿತು. ನೀವು ಬೇರೆ ಥರ ಯೋಚಿಸಬಹುದು, ಆದರೆ ಏನಾದರೂ ಒಂದು ನಿಲುವು ಲೇಖನದಲ್ಲಿ ಕಾಣಬೇಕು. 2024ರ ಆಗಸ್ಟ್‌ನಲ್ಲಿ ಆ ರಸ್ತೆ ಎರಡು ಭಾಗವಾಗಿ ಎರಡು ಹೆಸರು ಪಡೆಯಿತು. ಒಂದು ‘ಮಾಜಿ ಮಾಜಿ’, 1905ರಿಂದ 1907ರವರೆಗೆ ಪೂರ್ವ ಆಫ್ರಿಕಾದಲ್ಲಿ ನಡೆದ ದಂಗೆ. ಬಲವಂತದ ಹತ್ತಿ ಬೆಳೆಯ ವಿರುದ್ಧ ಎದ್ದ ಜನರ ಹೊಲ, ಕಣಜಗಳನ್ನು ಜರ್ಮನ್ ಸೈನ್ಯ ಸುಟ್ಟಿತು. ಬರಗಾಲ ಸೇರಿ ಸತ್ತವರ ಸಂಖ್ಯೆ 3 ಲಕ್ಷದವರೆಗೆ ಎಂಬ ಅಂದಾಜಿದೆ. ಇನ್ನೊಂದು ಆನಾ ಮುಂಗುಂಡಾ, 1959ರ ಡಿಸೆಂಬರ್ 10ರಂದು ಈಗಿನ ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಹೆರೇರೊ ಹೆಣ್ಣುಮಗಳು. ಆ ದಿನ ಗುಂಡು ಹಾರಿಸಿದ್ದು ಜರ್ಮನರಲ್ಲ, ಅಲ್ಲಿ ಆಗ ಇದ್ದದ್ದು ದಕ್ಷಿಣ ಆಫ್ರಿಕಾದ ಆಳ್ವಿಕೆ. ಹಾಗಿದ್ದೂ ಅವಳ ಹೆಸರು ಬರ್ಲಿನ್‌ಗೆ ಯಾಕೆ ಬಂತು ಎಂದು ನೀವು ಹೇಳಲೇಬೇಕು. ಓದುಗರು ಕೇಳಿಯೇ ಕೇಳುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು, ಇದು ನನಗೆ ತುಂಬ ಮುಖ್ಯ. ನಿಮ್ಮ ಲೇಖನದಲ್ಲಿ ಲ್ಯೂಡೆರಿಟ್ಸ್ ‘ಖರೀದಿಸಿದರು’, ನಾಖ್ಟಿಗಾಲ್ ‘ಪ್ರಯಾಣಿಸಿದರು’. ಆದರೆ ಫ್ರೆಡೆರಿಕ್ಸ್ ‘ಹೋರಾಡಿದ’, ಮಾಂಗಾ ಬೆಲ್ ‘ಸತ್ತ’. ಬೇಕೆಂದೇ ಮಾಡಿದ್ದಲ್ಲ ಅಂತ ನನಗೆ ಗೊತ್ತು. ಆದರೆ ಆಫ್ರಿಕದವರಿಗೆ ಏಕವಚನ, ಯುರೋಪಿನವರಿಗೆ ಬಹುವಚನ ಎಂದು ಕೈ ತಾನಾಗಿ ಬರೆದಿದೆ. ಎಲ್ಲರಿಗೂ ಒಂದೇ ಅಳತೆ ಇರಲಿ. ನಾನು ಈ ಪತ್ರದಲ್ಲಿ ಆ ಕಾಲದ ಎಲ್ಲರನ್ನೂ ಏಕವಚನದಲ್ಲೇ ಕರೆದಿದ್ದೇನೆ, ನೀವು ಎಲ್ಲರಿಗೂ ಬಹುವಚನ ಬಳಸಿದರೂ ಸರಿ. ಹಾಗೆಯೇ ‘ಕೊಲ್ಲಲ್ಪಟ್ಟರು’, ‘ಸ್ಥಳಾಂತರಿಸಲಾಯಿತು’, ‘ಪಡೆಯಲಾಯಿತು’ ಇವನ್ನೆಲ್ಲ ಬಿಡಿ. ಯಾರು ಕೊಂದರು, ಯಾರು ಎಬ್ಬಿಸಿದರು, ಯಾರು ಕಿತ್ತುಕೊಂಡರು ಎಂದು ಬರೆಯಿರಿ. ಕನ್ನಡದಲ್ಲಿ ಅದೇ ಸಹಜ, ಈ ವಿಷಯಕ್ಕೆ ಅದೇ ನ್ಯಾಯ ಕೂಡ.

ಹೆಸರು ಬದಲಾವಣೆಗೆ ವಿರೋಧ ಮಾಡಿದ ನಿವಾಸಿಗಳನ್ನು ನೀವು ಒಂದೇ ಸಾಲಿನಲ್ಲಿ ಜನಾಂಗದ್ವೇಷಿಗಳು ಎಂದಿದ್ದೀರಿ. ಅಂಥವರೂ ಇರಬಹುದು. ಆದರೆ ಗುರುತಿನ ಚೀಟಿ, ಅಂಗಡಿ ಕಾಗದಪತ್ರ ಎಲ್ಲ ಬದಲಾಯಿಸಬೇಕಲ್ಲ ಎಂದ ಮುದುಕರೂ ಇದ್ದಾರೆ, ಫಲಕ ತೆಗೆದರೆ ಇತಿಹಾಸ ಮರೆತುಹೋಗುತ್ತದೆ ಎಂದು ನಿಜವಾಗಿ ನಂಬಿದವರೂ ಇದ್ದಾರೆ. ಜಿಲ್ಲಾ ಸಭೆ ಹೆಸರು ಬದಲಿಸಲು ತೀರ್ಮಾನಿಸಿದ್ದು 2016ರಲ್ಲಿ, ಹೊಸ ಹೆಸರು ಆರಿಸಿದ್ದು 2018ರಲ್ಲಿ, ಕೊನೆಯ ಫಲಕ ಬಂದದ್ದು 2024ರಲ್ಲಿ. ನಡುವೆ ಆಕ್ಷೇಪಣೆ, ಕೋರ್ಟು ಎಲ್ಲ ಆಯಿತು. ಅಷ್ಟು ವರ್ಷದ ಜಗಳವನ್ನು ಒಂದು ಬೈಗುಳದಲ್ಲಿ ಮುಗಿಸಬಾರದು. ನೀವು ಅಲ್ಲೇ ಇದ್ದೀರಿ. ಹೋಗಿ ಒಬ್ಬಿಬ್ಬರನ್ನು ಮಾತಾಡಿಸಿ. ಅವರು ಹೇಳಿದ್ದನ್ನು ಒಪ್ಪಬೇಕಿಲ್ಲ, ಸರಿಯಾಗಿ ಬರೆದರೆ ಸಾಕು. ಬದಲಾವಣೆ ಕೇಳಿದ ಸಂಘಟನೆಗಳೂ ಟೋಗೊ, ಕ್ಯಾಮರೂನ್ ಹೆಸರು ತೆಗೆಯಿರಿ ಎನ್ನಲಿಲ್ಲ, ಆ ಬಡಾವಣೆ ವಸಾಹತು ಇತಿಹಾಸವನ್ನು ಕಲಿಯುವ ಜಾಗವಾಗಲಿ ಎಂದರು. ಇದನ್ನೂ ಸೇರಿಸಿ. ‘ಎಲ್ಲ ಹೆಸರನ್ನೂ ಅಳಿಸಲು ಹೊರಟಿದ್ದಾರೆ’ ಎಂಬ ನಿಮ್ಮ ಮಾತು ತಪ್ಪು.

ನಿಮ್ಮ ಕೊನೆಯ ಎರಡು ಪುಟ, ಬೆಂಗಳೂರಿನ ರಸ್ತೆ ಹೆಸರುಗಳ ಬಗ್ಗೆ ಇರುವುದು, ಪೂರ್ತಿ ಬೇಡ. ಕನ್ನಡ ಓದುಗರಿಗೆ ಹತ್ತಿರವಾಗಲಿ ಎಂದು ಸುಮ್ನೆ ಸೇರಿಸಿದ ಹಾಗಿದೆ. ನಿಜವಾದ ನಂಟು ಬೇಕಾದರೆ ಒಂದಿದೆ. 1834ರಲ್ಲಿ ಮಂಗಳೂರಿಗೆ ಬಂದು ಅಚ್ಚುಕೂಟ, ಹಂಚಿನ ಕಾರ್ಖಾನೆ ನಡೆಸಿದ, ಕಿಟ್ಟೆಲ್‌ನನ್ನು ಕಳಿಸಿದ ಅದೇ ಬಾಸೆಲ್ ಮಿಷನ್ 1886ರಿಂದ ಕ್ಯಾಮರೂನಿನಲ್ಲೂ ಇತ್ತು. ಮಾಂಗಾ ಬೆಲ್ ಕಾಲದಲ್ಲಿ ಡುವಾಲಾದಲ್ಲಿ ಅವರ ಕೆಲಸ ನಡೆಯುತ್ತಿತ್ತು. ಒಂದು ಪ್ಯಾರಾ ಸಾಕು, ಎಳೆಯಬೇಡಿ.

ನಿಮ್ಮ ಲೇಖನದಲ್ಲಿ ನನಗೆ ತುಂಬ ಹಿಡಿಸಿದ್ದು ಒಟಾವಿ ಬೀದಿ ಮೂಲೆಯ ಮಾಹಿತಿ ಫಲಕದ ಭಾಗ. 2012ರಲ್ಲಿ ನಿಲ್ಲಿಸಿದ ಆ ಫಲಕಕ್ಕೆ ಒಂದೇ ಬರಹ ಎಲ್ಲರಿಗೂ ಒಪ್ಪಿಗೆಯಾಗದೆ, ಎರಡು ಬದಿಗೆ ಎರಡು ಬರಹ ಹಾಕಿದ್ದಾರೆ. ನೀವು ಎರಡೂ ಬದಿ ನಿಂತು ಓದಿದ್ದೀರಿ, ಎಲ್ಲಿ ಒಂದು ಸುಮ್ಮನಿದೆ, ಎಲ್ಲಿ ಇನ್ನೊಂದು ಮಾತಾಡಿದೆ ಎಂದು ಗುರುತಿಸಿದ್ದೀರಿ. ಆ ಅರ್ಧ ಪುಟದಲ್ಲಿ ನೀವು ಬರಹಗಾರರಾಗಿ ಕಾಣುತ್ತೀರಿ. ಅದೇ ಕಣ್ಣಿನಿಂದ ಉಳಿದದ್ದನ್ನೂ ನೋಡಿ.

ತಿದ್ದಿದ ಲೇಖನ ಎರಡು ಸಾವಿರ ಪದ ಮೀರದಿರಲಿ. ಪ್ರತಿ ಹೆಸರಿಟ್ಟ ಇಸವಿಯನ್ನೂ ಇನ್ನೊಮ್ಮೆ ಪರೀಕ್ಷಿಸಿ, ನಾನು ಇಲ್ಲಿ ಕೊಟ್ಟದ್ದನ್ನೂ ಸೇರಿಸಿ. ಫಲಕದ ಎರಡೂ ಬದಿಯ ಫೋಟೊ ನೀವೇ ತೆಗೆದು ಕಳಿಸಿದರೆ ಒಳ್ಳೆಯದು. ಮುಂದಿನ ತಿಂಗಳ ಕೊನೆಗೆ ಬಂದರೆ ಅದರ ನಂತರದ ಸಂಚಿಕೆಯಲ್ಲಿ ಜಾಗ ಇಡುತ್ತೇನೆ.

ಇಂತಿ,
ಸಂಪಾದಕ